ವಿಪತ್ತಿನ ವೇಳೆ ಆಜ್ಞೆ ಮತ್ತು ಸಮನ್ವಯ: ಚೆನ್ನೈ ನಗರದ ಅನುಭವ



2015ರ ಡಿಸೆಂಬರ್ 1ರಂದು ಚೆನ್ನೈ ನಗರದಲ್ಲಿ ಸುರಿದ ಮಳೆ ಅಸಾಧಾರಣವಾದುದು. ಮರುದಿನ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ ತಾಂಬರಂನಲ್ಲಿ ದಾಖಲಾದ ಮಳೆಯ ಪ್ರಮಾಣ 49 ಸೆಂಟಿಮೀಟರ್. ನಗರಕ್ಕೆ ಕುಡಿಯುವ ನೀರು ಒದಗಿಸುವ ಚೆಂಬರಂಬಾಕ್ಕಂ ಕೆರೆಯ ಸಾಮರ್ಥ್ಯ 364.5 ಕೋಟಿ ಘನ ಅಡಿ. ನವೆಂಬರ್ ತಿಂಗಳ ಮಳೆಯಿಂದಲೇ ಅದು ಬಹುಮಟ್ಟಿಗೆ ತುಂಬಿತ್ತು. ಡಿಸೆಂಬರ್ 1ರಂದು ಹೊರಹರಿವನ್ನು ಹೆಚ್ಚಿಸುತ್ತಾ ಹೋಗಿ ಕೊನೆಗೆ 29,000 ಕ್ಯೂಸೆಕ್ಸ್ ನೀರನ್ನು ಅಡ್ಯಾರ್ ನದಿಗೆ ಬಿಡಲಾಯಿತು. ರಾತ್ರಿ ಕಳೆಯುವುದರೊಳಗೆ ಮುಡಿಚೂರು, ಜಾಫರ್‌ಖಾನ್‌ಪೇಟೆ, ಸೈದಾಪೇಟೆ, ಕೋಟ್ಟೂರ್‌ಪುರಂ ಮೊದಲಾದ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ವಿದ್ಯುತ್ ನಿಂತಿತು, ದೂರವಾಣಿಗಳು ಮೂಕವಾದವು. ವಿಮಾನ ನಿಲ್ದಾಣ ಜಲಾವೃತವಾಗಿ ಹಲವು ದಿನ ಮುಚ್ಚಿತ್ತು. 1878ರಲ್ಲಿ ಆರಂಭವಾದ ‘ದಿ ಹಿಂದೂ’ ಪತ್ರಿಕೆ ಮರುದಿನ ಚೆನ್ನೈನಲ್ಲಿ ಮುದ್ರಣವಾಗಲಿಲ್ಲ. ಕೆಲಸಗಾರರು ಮುದ್ರಣಾಲಯವನ್ನು ತಲುಪುವುದೇ ಅಸಾಧ್ಯವಾಗಿತ್ತು. ಆ ಋತುವಿನ ಮಳೆಗೆ ತಮಿಳುನಾಡಿನಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ನೆರವಿಗೆ ಧಾವಿಸಿದವರ ಸಂಖ್ಯೆ ಕಡಿಮೆಯೇನೂ ಇರಲಿಲ್ಲ. ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯ 4ನೆಯ ಬೆಟಾಲಿಯನ್ ಇರುವುದು ನಗರಕ್ಕೆ ಸಮೀಪದ ಅರಕ್ಕೋಣಂನಲ್ಲೇ. ಭೂಸೇನೆ, ನೌಕಾಪಡೆ, ವಾಯುಪಡೆ, ಕರಾವಳಿ ರಕ್ಷಣಾ ಪಡೆ, ಅಗ್ನಿಶಾಮಕ ದಳ, ಪೊಲೀಸರು, ನಗರಪಾಲಿಕೆಯ ನೌಕರರು ಎಲ್ಲರೂ ನೀರಿಗಿಳಿದರು. ಮೀನುಗಾರರು ತಮ್ಮ ದೋಣಿಗಳನ್ನು ಸಮುದ್ರತೀರದಿಂದ ನಗರದ ಬೀದಿಗಳಿಗೆ ತಂದರು. ಆದರೆ ಯಾವ ಬೀದಿಗೆ ಯಾವ ದೋಣಿ ಹೋಗಬೇಕೆಂದು ಹೇಳುವವರು ಯಾರು? ಇಂಥ ಸಂದರ್ಭಗಳಲ್ಲಿ ಕೈಗಳ ಕೊರತೆಗಿಂತ ಈ ಒಂದು ಪ್ರಶ್ನೆಗೆ ಮುಂಚಿತವಾಗಿ ಉತ್ತರವಿಲ್ಲದಿರುವುದೇ ಹೆಚ್ಚಿನ ಹಾನಿಗೆ ಕಾರಣವಾಗುತ್ತದೆ.

ನೀರು ಹರಿದ ದಾರಿಯನ್ನೇ ಅನುಸರಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮಳೆಯ ಮುನ್ಸೂಚನೆ ಕೇಂದ್ರ ಸರ್ಕಾರದ ಹವಾಮಾನ ಇಲಾಖೆಯದು. ಕೆರೆ ಇರುವುದು ಕಾಂಚೀಪುರಂ ಜಿಲ್ಲೆಯಲ್ಲಿ. ಅದರ ಗೇಟುಗಳು ಆಗ ರಾಜ್ಯದ ಲೋಕೋಪಯೋಗಿ ಇಲಾಖೆಯ ವಶದಲ್ಲಿದ್ದವು. ನದಿ ಸಮುದ್ರ ಸೇರುವುದು ಚೆನ್ನೈ ಜಿಲ್ಲೆಯಲ್ಲಿ. ಬೀದಿಯ ಮಳೆನೀರು ಚರಂಡಿ ನಗರಪಾಲಿಕೆಯದು, ಜನರನ್ನು ತೆರವುಗೊಳಿಸುವ ಕೆಲಸ ಕಂದಾಯ ಇಲಾಖೆ ಮತ್ತು ಪೊಲೀಸರದು. ನೀರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಕಡತಕ್ಕೆ ಮಾತ್ರ ಅದು ಚೆನ್ನಾಗಿ ಗೊತ್ತು.

ಗೇಟು ತೆರೆಯಲು ಅಧಿಕಾರಿಗಳು ಮೇಲಿನವರ ಅನುಮತಿಗಾಗಿ ಕಾದರೆಂಬ ಆರೋಪ ಆಗ ಕೇಳಿಬಂದಿತು. ರಾಜ್ಯ ಸರ್ಕಾರ ಅದನ್ನು ನಿರಾಕರಿಸಿ, ನಿಯಮಾನುಸಾರವೇ ನೀರು ಬಿಡಲಾಯಿತೆಂದು ವಿವರಣೆ ನೀಡಿತು. 2018ರಲ್ಲಿ ವಿಧಾನಸಭೆಯಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿಯು ಕೆರೆಯ ನಿರ್ವಹಣೆಯಲ್ಲಿನ ಲೋಪಗಳನ್ನು ಎತ್ತಿ ತೋರಿಸಿತು. ದೋಷ ಯಾರದೆಂಬ ವಾದ ಒತ್ತಟ್ಟಿಗಿರಲಿ. ಅಂಥ ರಾತ್ರಿಯಲ್ಲಿ ಅನುಮತಿಯ ಪ್ರಶ್ನೆ ಉದ್ಭವಿಸುವುದೇ ವ್ಯವಸ್ಥೆ ಅಪೂರ್ಣವಾಗಿದೆ ಎಂಬುದರ ಗುರುತು.

ಇದೇ ನಗರ ಹನ್ನೊಂದು ವರ್ಷ ಮೊದಲು ಇದಕ್ಕಿಂತ ಕಠೋರವಾದ ಅನುಭವವನ್ನು ಕಂಡಿತ್ತು. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಭೂಮಿ ನಡುಗಿದ್ದು ನಮ್ಮ ಕಾಲಮಾನದ ಪ್ರಕಾರ ಬೆಳಿಗ್ಗೆ 6 ಗಂಟೆ 28 ನಿಮಿಷಕ್ಕೆ; ಸುನಾಮಿ ಅಲೆಗಳು ಮರೀನಾ ತೀರಕ್ಕೆ ಅಪ್ಪಳಿಸುವ ವೇಳೆಗೆ ಎರಡು ಗಂಟೆಗೂ ಮಿಕ್ಕ ಕಾಲ ಸಂದಿತ್ತು. ಆ ಅವಧಿಯಲ್ಲಿ ತೀರದ ಜನರನ್ನು ಎಚ್ಚರಿಸುವುದು ತನ್ನ ಕರ್ತವ್ಯವೆಂದು ತಿಳಿದ ಕಚೇರಿಯೊಂದು ಅಂದು ದೇಶದಲ್ಲಿ ಇರಲಿಲ್ಲ. ಮರುವರ್ಷ ವಿಪತ್ತು ನಿರ್ವಹಣಾ ಅಧಿನಿಯಮ ಜಾರಿಗೆ ಬಂದಿತು. ಪ್ರಧಾನಮಂತ್ರಿ, ಮುಖ್ಯಮಂತ್ರಿ ಹಾಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೂರು ಹಂತದ ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಲಾಯಿತು. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕಾರ್ಯಾರಂಭ ಮಾಡಿತು.

ಆದರೆ ಪ್ರಾಧಿಕಾರ ರಚನೆಯಾದ ಮಾತ್ರಕ್ಕೆ ಆಜ್ಞೆಯ ಸರಪಳಿ ಸಿದ್ಧವಾಗುವುದಿಲ್ಲ. ಈ ಬಗ್ಗೆ ಮೊದಲು ಯೋಚಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಅಗ್ನಿಶಾಮಕರು. 1970ರಲ್ಲಿ ಅಲ್ಲಿ ಕಾಳ್ಗಿಚ್ಚು ಹಬ್ಬಿದಾಗ ಹಲವು ಇಲಾಖೆಗಳು ಒಟ್ಟಿಗೆ ದುಡಿದವು. ಒಂದೊಂದರ ರೇಡಿಯೋ ಸಂಪರ್ಕ ಬೇರೆ, ಪರಿಭಾಷೆ ಬೇರೆ, ಮುಖ್ಯಸ್ಥರು ಬೇರೆ. ಆ ಗೊಂದಲದ ಪರಿಶೀಲನೆಯಿಂದ ಹುಟ್ಟಿದ ಪದ್ಧತಿಯನ್ನು ನಮ್ಮ ಆಡಳಿತಕ್ಕೆ ಹೊಂದಿಸಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ‘ಘಟನಾ ಸ್ಪಂದನ ವ್ಯವಸ್ಥೆ’ಯ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅಂದರೆ ಚೆನ್ನೈ ಪ್ರವಾಹಕ್ಕೆ ಐದು ವರ್ಷ ಮುನ್ನವೇ ಅವು ಅಚ್ಚಾಗಿದ್ದವೆಂಬುದು ಗಮನಾರ್ಹ.

ಈ ವ್ಯವಸ್ಥೆಯ ತಿರುಳು ಸರಳವಾದುದು. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಹೊಣೆಗಾರ ಅಧಿಕಾರಿ. ಅವರ ಕೆಳಗೆ ಸ್ಥಳದ ಕಾರ್ಯಾಚರಣೆಗೆ ಒಬ್ಬನೇ ಕಮಾಂಡರ್. ಆತನ ಅಧೀನದಲ್ಲಿ ಒಂದು ತಂಡ ರಕ್ಷಣಾ ಕಾರ್ಯ ನಡೆಸುತ್ತದೆ, ಇನ್ನೊಂದು ಮುಂದಿನ ಹೆಜ್ಜೆಗಳನ್ನು ಯೋಜಿಸುತ್ತದೆ, ಮತ್ತೊಂದು ದೋಣಿ, ಡೀಸೆಲ್, ಊಟ, ಔಷಧಿಗಳನ್ನು ಒದಗಿಸುತ್ತದೆ. ಒಬ್ಬ ಮೇಲಧಿಕಾರಿಯ ಕೈಕೆಳಗೆ ಸುಮಾರು ಐದು ಮಂದಿಗಿಂತ ಹೆಚ್ಚು ಜನರಿರಬಾರದು. ಯಾರಿಗೂ ಇಬ್ಬರು ಯಜಮಾನರಿರಬಾರದು. ಮದುವೆಮನೆಯಲ್ಲಿ ಅಡಿಗೆಯವರಿಗೆ ಐದು ಮಂದಿ ಹಿರಿಯರು ಐದು ಬಗೆಯಾಗಿ ಹೇಳಿದರೆ ಊಟದ ಪಂಕ್ತಿ ಯಾವಾಗ ಏಳುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಆದರೆ ಏಕನಾಯಕತ್ವವೆಂದರೆ ಪ್ರತಿಯೊಂದು ನಿರ್ಧಾರವನ್ನೂ ಮೇಲಕ್ಕೆ ಒಯ್ಯುವುದಲ್ಲ. ಅನೇಕರು ತಪ್ಪು ತಿಳಿಯುವುದು ಇಲ್ಲಿಯೇ. ಕೆರೆಯ ನೀರು ಯಾವ ಮಟ್ಟ ತಲುಪಿದಾಗ, ಎಷ್ಟು ಮಳೆಯ ಮುನ್ಸೂಚನೆಯಿದ್ದಾಗ ಎಷ್ಟು ನೀರು ಬಿಡಬೇಕೆಂಬುದು ಬೇಸಿಗೆಯಲ್ಲೇ ಲಿಖಿತವಾಗಿ ತೀರ್ಮಾನವಾಗಿದ್ದರೆ, ಮಳೆಯ ರಾತ್ರಿ ಎಂಜಿನಿಯರ್ ಯಾರನ್ನೂ ಕೇಳಬೇಕಾಗಿಲ್ಲ. ಆತ ಗೇಟು ಎತ್ತುವ ಮೊದಲೇ ಅದೇ ಸಂದೇಶ ಎರಡೂ ಜಿಲ್ಲೆಗಳ ಅಧಿಕಾರಿಗಳಿಗೆ, ಪೊಲೀಸರಿಗೆ, ಪಾಲಿಕೆಗೆ ಏಕಕಾಲದಲ್ಲಿ ತಲುಪಬೇಕು. ಅಲ್ಲಿಂದ ಜನರಿಗೆ ತಲುಪುವಾಗ ಭಾಷೆ ಬದಲಾಗಬೇಕು. 29,000 ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಸುಮಾರು 8.2 ಲಕ್ಷ ಲೀಟರ್ ನೀರು. ಸೈದಾಪೇಟೆಯ ನದಿದಂಡೆಯ ಗುಡಿಸಿಲಿನಲ್ಲಿ ಮಕ್ಕಳನ್ನು ಮಲಗಿಸಿದ ತಾಯಿಗೆ ಈ ಎರಡು ಅಂಕಿಗಳಿಂದಲೂ ಪ್ರಯೋಜನವಿಲ್ಲ. ನೀರು ಎಷ್ಟು ಹೊತ್ತಿಗೆ ತನ್ನ ಬೀದಿಗೆ ಬರುತ್ತದೆ, ಎಷ್ಟು ಎತ್ತರ ಏರುತ್ತದೆ, ಯಾವ ಶಾಲೆಗೆ ಹೋಗಬೇಕು ಎಂಬುದಷ್ಟೇ ಆಕೆಗೆ ಬೇಕು. ಕಮಾಂಡರನ ಬಳಿ ಮಾಹಿತಿಗೆಂದೇ ಪ್ರತ್ಯೇಕ ಅಧಿಕಾರಿಯೊಬ್ಬರು ಇರುವುದು ಇದಕ್ಕಾಗಿಯೇ.

2015ರ ನಂತರ ಚೆನ್ನೈನಲ್ಲಿ ಕೆಲವು ಮಾರ್ಪಾಡುಗಳಾಗಿವೆ. ಅಲ್ಲಿನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು ಪ್ರವಾಹ ಮುನ್ಸೂಚನೆಗೆ ಗಣಕ ವ್ಯವಸ್ಥೆಯೊಂದನ್ನು ರೂಪಿಸಿದೆ. ಪಾಲಿಕೆಯ ರಿಪ್ಪನ್ ಕಟ್ಟಡದಲ್ಲಿ ಸಮಗ್ರ ನಿಯಂತ್ರಣ ಕೇಂದ್ರವಿದೆ. ಹಾಗೆಂದು ಕಷ್ಟ ತೀರಿತೆನ್ನಲಾಗದು; 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಹಲವು ಬಡಾವಣೆಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ಕನ್ನಡಿಗರಿಗೂ ಈ ಪ್ರಶ್ನೆ ದೂರದ್ದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ನೀರು ಮಹಾರಾಷ್ಟ್ರದ ಸಾಂಗ್ಲಿಯಿಂದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳವರೆಗೆ ಹಬ್ಬಿತು. ಕೊಯ್ನಾ ಮತ್ತು ಆಲಮಟ್ಟಿ ಜಲಾಶಯಗಳ ಎಂಜಿನಿಯರುಗಳ ನಡುವಿನ ಸಂಪರ್ಕ ಎರಡು ರಾಜ್ಯಗಳ ಜನರ ಅಳಿವು ಉಳಿವಿನ ವಿಷಯವಾಯಿತು.

ಸಾರ್ವಜನಿಕರಿಗೆ ಈ ಸರಪಳಿಯ ಮೊದಲ ಕೊಂಡಿ ದೂರವಾಣಿ. ರಾಜ್ಯಮಟ್ಟದ ತುರ್ತು ಕಾರ್ಯಾಚರಣೆ ಕೇಂದ್ರದ ಸಂಖ್ಯೆ 1070, ಜಿಲ್ಲಾ ಕೇಂದ್ರದ್ದು 1077. ಕರೆ ಮಾಡುವವರು ಇರುವ ಸ್ಥಳ, ಸಮೀಪದ ಗುರುತು, ಸಿಲುಕಿದವರ ಸಂಖ್ಯೆ, ಅವರಲ್ಲಿ ವೃದ್ಧರು, ರೋಗಿಗಳು, ಗರ್ಭಿಣಿಯರು ಇದ್ದಾರೆಯೇ, ನೀರು ಮೊಣಕಾಲಿನವರೆಗಿದೆಯೋ ಎದೆಯವರೆಗಿದೆಯೋ ಎಂಬುದನ್ನು ಮೊದಲು ಹೇಳಬೇಕು. ಹೀಗೆ ಹೇಳಿದರೆ, ಯಾವ ದೋಣಿ ಯಾವ ಬೀದಿಗೆ ಹೋಗಬೇಕೆಂಬುದನ್ನು ಕೇಂದ್ರದಲ್ಲಿರುವವರು ಒಂದೇ ನಿಮಿಷದಲ್ಲಿ ನಿರ್ಧರಿಸಬಲ್ಲರು.