ಮಾತನಾಡದ ಮಗು

(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಹೋತ್ಸವದ ಶುಭಸಂದರ್ಭದಲ್ಲಿ ಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿರುವರು. ವಿದ್ಯೆಯ ಮಹಿಮೆಯನ್ನು ಈ ಸಭೆಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹಳ್ಳಿಗಳಿಂದ ಬಂದ ಬಡಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನಿತ್ತು ಕಾಪಾಡಿದ ಕೀರ್ತಿಯು ನಮ್ಮ ನಾಡಿನ ಮಠಗಳಿಗೆ ಸಂದಿದೆ. ದಾವಣಗೆರೆಯಂತೂ ಇಂದು ಶಾಲೆಗಳಿಂದಲೂ ಕಾಲೇಜುಗಳಿಂದಲೂ ತುಂಬಿದ ನಗರವಾಗಿದೆ. ಆದುದರಿಂದ ನಾನು ದೊಡ್ಡ ವಿಷಯಗಳಿಗೆ ಕೈಹಾಕದೆ, ಈ ಶಾಲೆಗಳಲ್ಲಿದ್ದೂ ಯಾರ ಕಣ್ಣಿಗೂ ಬೀಳದಿರುವ ಒಂದು ಮಗುವಿನ ವಿಷಯವನ್ನು ಮಾತ್ರ ನಿಮ್ಮ ಮುಂದಿಡಬೇಕೆಂದಿರುವೆನು. ಅದು ಮಾತನಾಡದ ಮಗು.

ಹರಿಹರದಲ್ಲಿ ಒಂದು ಮನೆ, ಆ ಮನೆಯಲ್ಲಿ ಐದು ವರ್ಷದ ಒಂದು ಹೆಣ್ಣುಮಗು ಎಂದು ಭಾವಿಸಿರಿ. ಮನೆಯಲ್ಲಿ ಅದರ ಬಾಯಿಗೆ ಬಿಡುವಿಲ್ಲ. ಅಜ್ಜಿಯೊಡನೆ ಜಗಳ, ತಮ್ಮನಿಗೆ ಕಥೆ, ಬಂದುಹೋದವರ ಮಾತಿನ ಅಣಕ, ಎಲ್ಲವೂ ಉಂಟು. ಬೆಳಿಗ್ಗೆ ಶಾಲೆಯ ವಾಹನವು ದಾವಣಗೆರೆಯ ದಾರಿ ಹಿಡಿಯಿತೆಂದರೆ ಆ ಮಾತು ಸಣ್ಣದಾಗುತ್ತ ಬಂದು, ಶಾಲೆಯ ಬಾಗಿಲಲ್ಲಿ ನಿಂತೇಹೋಗುವುದು. ಹಾಜರಿ ಕೂಗಿದರೆ ಉತ್ತರವಿಲ್ಲ. ಬುತ್ತಿಯ ಡಬ್ಬಿಯು ತೆರೆಯದೆ ಮನೆಗೆ ಹಿಂದಿರುಗುವುದು. ಮೂತ್ರಕ್ಕೆ ಹೋಗಬೇಕೆಂದು ಕೇಳಲಾರದೆ ಬಟ್ಟೆ ಒದ್ದೆಯಾಗುವುದು. ಸೋಮವಾರ ಬಂದರೆ ಹೊಟ್ಟೆನೋವು, ಭಾನುವಾರ ಅದರ ಸುಳಿವೇ ಇಲ್ಲ. "ನಿಮ್ಮ ಮಗುವಿಗೆ ಮಾತು ಬರುತ್ತದೆಯೇ?" ಎಂದು ಉಪಾಧ್ಯಾಯಿನಿಯು ಕೇಳಿದರೆ, "ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲವಲ್ಲ, ಮೇಡಂ!" ಎಂದು ತಾಯಿಯು ಬೆರಗಾಗುವಳು. ಇಬ್ಬರೂ ಹೇಳಿದುದು ನಿಜವೇ. ಆದರೆ ಒಬ್ಬರ ಮಾತನ್ನು ಮತ್ತೊಬ್ಬರು ನಂಬುವುದಿಲ್ಲ.

ಇಂತಹ ಮಗುವಿಗೆ ನಾವು ನಾಲ್ಕು ಹೆಸರುಗಳನ್ನಿಟ್ಟಿರುವೆವು. ಹಟಮಾರಿ, ಸೊಕ್ಕಿನದು, ದಡ್ಡ ಎಂಬ ಮೂರು ಹೆಸರುಗಳು ಅದಕ್ಕೆ ಬೈಗಳನ್ನೂ ಏಟನ್ನೂ ತರುವುವು. ನಾಲ್ಕನೆಯದು ಹೊಗಳಿಕೆಯ ಹೆಸರು: "ಬಹಳ ಒಳ್ಳೆಯ ಮಗು, ಗಲಾಟೆಯೇ ಇಲ್ಲ." ನನ್ನ ಎಣಿಕೆಯಲ್ಲಿ ಈ ನಾಲ್ಕನೆಯದೇ ಹೆಚ್ಚು ಅಪಾಯಕರವಾದುದು. ನಲವತ್ತು ಮಕ್ಕಳ ತರಗತಿಯಲ್ಲಿ ಗದ್ದಲಮಾಡುವ ಹುಡುಗನತ್ತ ಎಲ್ಲರ ಗಮನವೂ ಹರಿಯುವುದು. ಸುಮ್ಮನೆ ಕುಳಿತ ಹುಡುಗಿಯು ವರ್ಷವೆಲ್ಲ ಸುಮ್ಮನೆಯೇ ಕುಳಿತಿರುವಳು. ಹೆಣ್ಣುಮಗುವಿನ ಮೌನವನ್ನು ಮರ್ಯಾದೆಯೆಂದು ತಿಳಿಯುವ ನಮ್ಮ ಮನೆಗಳಲ್ಲಿ ಇದು ಮತ್ತಷ್ಟು ಮರೆಯಾಗುವುದು. ಮೌನವು ದೊಡ್ಡ ವ್ರತವೆಂಬುದನ್ನು ಮಠದ ಶಿಷ್ಯರಾದ ನಾವು ಬಲ್ಲೆವು. ಆದರೆ ವ್ರತವೆಂಬುದು ಮಾತನಾಡಬಲ್ಲವನು ಒಲಿದು ಕೈಕೊಂಡದ್ದು. ಈ ಮಗುವಿನ ಮೌನವು ಅದು ಒಲಿದು ತಂದುಕೊಂಡುದಲ್ಲ. ಭಯವು ಅದರ ಗಂಟಲನ್ನು ಹಿಡಿದಿರುವುದು.

ಇದನ್ನು ಅರಿಯಲು ವೈದ್ಯಶಾಸ್ತ್ರಕ್ಕೇ ಬಹುಕಾಲ ಹಿಡಿಯಿತು. 1877ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯನು ಇಂತಹ ರೋಗಿಗಳನ್ನು ವರ್ಣಿಸಿ, ಇದು ಬೇಕೆಂದೇ ಮಾಡಿಕೊಂಡ ಮೂಕತನವೆಂಬ ಅರ್ಥದ ಹೆಸರನ್ನಿಟ್ಟನು. 1934ರಲ್ಲಿ ಸ್ವಿಟ್ಜರ್‌ಲೆಂಡಿನ ಟ್ರಾಮರ್ ಎಂಬುವನು ಕೊಟ್ಟ ಹೆಸರಿನಲ್ಲಿಯೂ ಮಗುವು ಮೌನವನ್ನು ತಾನಾಗಿ ಆರಿಸಿಕೊಳ್ಳುವುದೆಂಬ ಭಾವವೇ ಉಳಿಯಿತು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಆ ಹೆಸರನ್ನು ತಿದ್ದಿ, ಕೆಲವು ಸ್ಥಳಗಳಲ್ಲಿ ಮಾತ್ರ ತೋರುವ ಮೂಕತನವೆಂಬ ಅರ್ಥವನ್ನು ತಂದಿತು. 2013ರಲ್ಲಿ ಅದನ್ನು ಆತಂಕದ ತೊಂದರೆಗಳ ಸಾಲಿಗೆ ಸೇರಿಸಿತು. ಮಗುವು ಮಾತನಾಡಲು ಒಲ್ಲದೆನ್ನುವುದಕ್ಕೂ, ಮಾತನಾಡಲಾರದೆನ್ನುವುದಕ್ಕೂ ನಡುವೆ ನೂರು ವರ್ಷಗಳಿಗೂ ಮಿಗಿಲಾದ ದಾರಿ ಸವೆಯಿತು. ಹೀಗಿರಲಾಗಿ, ನಮ್ಮ ಅಜ್ಜಿಯರೂ ಉಪಾಧ್ಯಾಯರೂ ಇದನ್ನು ಹಟವೆಂದು ತಿಳಿದರೆ ಅವರನ್ನು ಹಳಿಯಲಾಗದು. ತಿಳಿದ ಮೇಲೂ ಹಾಗೆಯೇ ನಡೆದರೆ ಮಾತ್ರ ತಪ್ಪು.

ಆದರೆ ಸುಮ್ಮನಿರುವ ಮಕ್ಕಳೆಲ್ಲರೂ ಒಂದೇ ಬಗೆಯವರಲ್ಲ. ಕೆಲವರು ಪ್ರಕೃತಿಯಿಂದಲೇ ಮೆಲ್ಲಗೆ ಬೆರೆಯುವವರು. ಅವರಿಗೆ ಒಂದೆರಡು ತಿಂಗಳ ಅವಕಾಶವಿತ್ತರೆ ಸಾಕು. ನಾಚಿಕೆಯು ರೋಗವಲ್ಲ. ಇನ್ನು ಕೆಲವರಿಗೆ ಶಾಲೆಯ ಭಾಷೆಯೇ ಹೊಸದು. ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮನೆಯಿಂದ ಕನ್ನಡ ಶಾಲೆಗೆ ಬಂದ ಮಗುವೂ, ಕನ್ನಡ ಮನೆಯಿಂದ ಇಂಗ್ಲಿಷ್ ಶಾಲೆಗೆ ಹೋದ ಮಗುವೂ ಕೆಲವು ತಿಂಗಳು ಕೇಳುತ್ತಲೇ ಇರುವುದು ಸಹಜ. ಅದಕ್ಕೆ ಬೇಕಾದುದು ಮನೆಮಾತಿನ ಎರಡು ಅಕ್ಕರೆಯ ನುಡಿ. ಮತ್ತೆ ಕೆಲವರಿಗೆ ಕಿವಿ ಮಂದವಾಗಿರಬಹುದು; ಕಿವಿಯ ಪರೀಕ್ಷೆಯಾಗದೆ ಯಾವ ತೀರ್ಮಾನವನ್ನೂ ಮಾಡತಕ್ಕದ್ದಲ್ಲ. ಮನೆಯಲ್ಲಿ ಸರಾಗವಾಗಿ ಮಾತನಾಡಿ, ಶಾಲೆಗೆ ಸೇರಿದ ಮೊದಲ ತಿಂಗಳು ಕಳೆದ ಮೇಲೆಯೂ ಅಲ್ಲಿ ಬಾಯಿಬಿಡದಿರುವ ಮಗುವೇ ನಾನು ಹೇಳುತ್ತಿರುವ ಮಗು. ಇಂತಹವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೂ ದೊಡ್ಡ ಶಾಲೆಯೊಂದರಲ್ಲಿ ಇಂತಹ ಒಂದೆರಡು ಮಕ್ಕಳಿರುವುದು ಸಂಭವವೇ.

ಭಯವು ಬಲಿಯುವ ಬಗೆಯನ್ನು ಚೆನ್ನಾಗಿ ಗಮನಿಸಬೇಕು. ನೆಂಟರು "ನಿನ್ನ ಹೆಸರೇನಮ್ಮ?" ಎಂದು ಕೇಳುವರು. ಮಗುವು ಸೆರಗಿನಲ್ಲಿ ಮುಖ ಮರೆಸುವುದು. ತಾಯಿಗೆ ಸಂಕೋಚವಾಗಿ ತಾನೇ ಹೆಸರನ್ನು ಹೇಳಿಬಿಡುವಳು. ನೆಂಟರಿಗೆ ಸಮಾಧಾನ, ತಾಯಿಗೆ ಸಮಾಧಾನ, ಎಲ್ಲರಿಗಿಂತ ಹೆಚ್ಚಾಗಿ ಮಗುವಿಗೆ ಸಮಾಧಾನ. ಆ ಸಮಾಧಾನವೇ ಮೌನಕ್ಕೆ ಸಿಕ್ಕಿದ ಕೂಲಿ. ಸುಮ್ಮನಿದ್ದರೆ ಭಯ ಹೋಗುವುದೆಂಬ ಪಾಠವನ್ನು ಮಗುವು ದಿನಕ್ಕೆ ಹತ್ತು ಸಲ ಕಲಿಯುವುದು. ಇನ್ನೊಂದು ಕಡೆಯಲ್ಲಿ, "ಹೇಳುವವರೆಗೆ ಕೂರಬೇಡ" ಎಂದು ತರಗತಿಯ ಮುಂದೆ ನಿಲ್ಲಿಸಿದರೆ, ಶಾಲೆಯೆಂಬುದು ಭಯದ ಸ್ಥಳವೇ ಸರಿ ಎಂದು ಅದಕ್ಕೆ ಖಚಿತವಾಗುವುದು. ಆದಕಾರಣ ನಾನು ಹೇಳಬೇಕೆಂದಿರುವುದು ಇಷ್ಟೇ: ಭಯವನ್ನು ಬೈದು ಬಿಡಿಸಲಾಗದು, ಭಯಕ್ಕೆ ಮಗುವನ್ನು ಬಿಟ್ಟುಕೊಡಲೂ ಆಗದು. ತುಂಗಭದ್ರೆಗೆ ಮಕ್ಕಳನ್ನು ಇಳಿಸುವವರು ಮಡುವಿಗೆ ನೂಕುವುದಿಲ್ಲ. ದಡದಲ್ಲಿಯೇ ಕೂರಿಸಿ ಈಜು ಬಾರದೆಂದು ಗೊಣಗುವುದೂ ಇಲ್ಲ. ಕೈಹಿಡಿದು ಒಂದೊಂದೇ ಮೆಟ್ಟಿಲಿಳಿಸುವರು.

ಈ ಮೆಟ್ಟಿಲುಗಳು ಯಾವುವು? ಮೊದಲು ಶಾಲೆಯ ಮಾತು. ಹಾಜರಿಗೆ ಕೈಯೆತ್ತಿದರೆ ಸಾಕೆಂದು ಒಪ್ಪಿಕೊಳ್ಳಿರಿ. ಮೂತ್ರಕ್ಕೆ ಹೋಗಲು ಒಂದು ಸನ್ನೆಯನ್ನೋ ಚೀಟಿಯನ್ನೋ ಗೊತ್ತುಮಾಡಿಕೊಡಿರಿ. ಇದನ್ನು ಮೊದಲನೆಯ ದಿನವೇ ಮಾಡತಕ್ಕದ್ದು. ಬಳಿಕ ದಿನವೂ ಐದು ನಿಮಿಷ ಮಗುವಿನ ಪಕ್ಕದಲ್ಲಿ, ಎದುರಿನಲ್ಲಲ್ಲ, ಕುಳಿತು ಅದು ಬರೆಯುವ ಚಿತ್ರವನ್ನು ಕುರಿತು ನೀವೇ ಮಾತನಾಡಿರಿ, ಪ್ರಶ್ನೆ ಬೇಡ. ಪ್ರಶ್ನೆ ಕೇಳುವ ಕಾಲ ಬಂದಾಗ ಎರಡರಲ್ಲಿ ಒಂದನ್ನು ಆರಿಸುವಂತೆ ಕೇಳಿರಿ: "ಕೆಂಪೋ ಹಸುರೋ?" ಕೇಳಿ ಮನಸ್ಸಿನಲ್ಲಿ ಐದು ಎಣಿಸುವವರೆಗೆ ಕಾಯಿರಿ. ನಾವು ಒಂದು ಎಣಿಸುವಷ್ಟರಲ್ಲಿ ಮುಂದಿನ ಮಗುವಿಗೆ ಹೋಗುವೆವು. ಈ ಮಗುವಿನ ಉತ್ತರವು ನಾಲ್ಕನೆಯ ಎಣಿಕೆಯಲ್ಲಿ ಬರುವುದಾಗಿದ್ದರೆ ಅದು ಎಂದಿಗೂ ಬಾರದು. ಕಡೆಗೊಂದು ದಿನ ಪಿಸುಮಾತು ಬಂದಿತೆಂದರೆ ಚಪ್ಪಾಳೆ ತಟ್ಟಿಸಿ ಮೆರವಣಿಗೆ ಮಾಡಬೇಡಿರಿ. "ಹೌದು, ಹಸುರು" ಎಂದು ಸಹಜವಾಗಿ ಸ್ವೀಕರಿಸಿರಿ. ಎಲ್ಲರ ಕಣ್ಣೂ ತನ್ನ ಮೇಲೆ ಬೀಳುವುದೇ ಆ ಮಗುವಿನ ಭಯವೆಂಬುದನ್ನು ಮರೆಯಕೂಡದು.

ಅನುಭವಸ್ಥರು ಬಳಸುವ ಇನ್ನೊಂದು ಉಪಾಯವುಂಟು. ಶಾಲೆ ಬಿಟ್ಟ ಮೇಲೆ ಬರಿದಾದ ಕೋಣೆಯಲ್ಲಿ ತಾಯಿಯೂ ಮಗುವೂ ಆಟವಾಡುತ್ತ ಮಾತನಾಡಲಿ, ಉಪಾಧ್ಯಾಯಿನಿಯು ಹೊರಗಿರಲಿ. ಕೆಲವು ದಿನಗಳ ಮೇಲೆ ಆಕೆ ಬಾಗಿಲಲ್ಲಿ ನಿಲ್ಲಲಿ, ಆಮೇಲೆ ಒಳಗೆ ಬಂದು ತನ್ನ ಕೆಲಸ ಮಾಡಿಕೊಳ್ಳಲಿ, ಆಮೇಲೆ ಆಟಕ್ಕೆ ಸೇರಲಿ. ಮಾತು ನಿಂತರೆ ಒಂದು ಹೆಜ್ಜೆ ಹಿಂದೆ ಸರಿಯಲಿ. ತಾಯಿಯು ಮೆಲ್ಲನೆ ಎದ್ದುಹೋದ ಮೇಲೂ ಮಾತು ಮುಂದುವರಿದರೆ, ಒಬ್ಬಿಬ್ಬರು ಗೆಳತಿಯರನ್ನು ಸೇರಿಸಿಕೊಳ್ಳಬಹುದು. ಇದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು.

ನಮ್ಮ ಸರ್ಕಾರಿ ಕನ್ನಡ ಶಾಲೆಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ, ಮುಂದೆ ರಾಜ್ಯದಲ್ಲೆಲ್ಲ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಸಣ್ಣ ಗುಂಪುಗಳಲ್ಲಿ ಕುಳಿತು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುವರು. ಕೆಲವರಿಗೆ ಉಪಾಧ್ಯಾಯರ ನೆರವು, ಕೆಲವರಿಗೆ ಸಹಪಾಠಿಯ ನೆರವು, ಕೆಲವರಿಗೆ ತಾವೇ ಕಲಿಯುವ ಅವಕಾಶ. ಇಡೀ ತರಗತಿಯ ಎದುರಿಗೆ ಎದ್ದು ನಿಂತು ಒಪ್ಪಿಸುವ ಭಯ ಇದರಲ್ಲಿ ಕಡಿಮೆ. ಹೆಚ್ಚು ಶುಲ್ಕ ಕೊಟ್ಟು ದೂರದ ಶಾಲೆಗೆ ಕಳುಹಿಸುವ ತಂದೆತಾಯಿಗಳು ಇದನ್ನೂ ಒಮ್ಮೆ ಆಲೋಚಿಸಬಹುದು. ಇನ್ನು ಶಿಕ್ಷೆಯ ವಿಷಯ: 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ವಿಧಿಯು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೂಗಿಯೆಂದು ಕರೆದು ತರಗತಿಯನ್ನು ನಗಿಸುವುದು ವಿನೋದವಲ್ಲ.

ಮನೆಯವರಿಗೂ ಕೆಲವು ಮಾತು. "ಸುಮ್ಮನಿರದಿದ್ದರೆ ಮೇಷ್ಟರಿಗೆ ಹೇಳುವೆನು" ಎಂದು ಗುಮ್ಮನ ಜಾಗದಲ್ಲಿ ಗುರುವನ್ನು ನಿಲ್ಲಿಸಬೇಡಿರಿ. ಬಜೆಯನ್ನು ತೇಯ್ದು ನಾಲಿಗೆಗೆ ಹಚ್ಚುವುದರಿಂದ ಪ್ರಯೋಜನವಿಲ್ಲ; ದೋಷವು ನಾಲಿಗೆಯಲ್ಲಿಲ್ಲ. ಅಪರಿಚಿತರೊಡನೆ ಮಾತನಾಡುವುದಕ್ಕೆ ಮುಂಚಿನ ಮೆಟ್ಟಿಲೆಂದರೆ, ಅಪರಿಚಿತರಿರುವಲ್ಲಿ ನಮ್ಮವರೊಡನೆ ಮಾತನಾಡುವುದು. ಜನಸಂದಣಿಯಿಲ್ಲದ ದಿನ ಹರಿಹರೇಶ್ವರ ದೇವಾಲಯದ ಕಂಬಗಳ ಮಂಟಪಕ್ಕೆ ಕರೆದೊಯ್ದು, ತಂದೆಯೂ ಮಗುವೂ ಕಂಬಗಳನ್ನು ಎಣಿಸಲಿ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನಲು ಹೋದಾಗ ಮೊದಲ ಸಲ ಮಗುವು ತನಗೇನು ಬೇಕೆಂದು ತಂದೆಯ ಕಿವಿಯಲ್ಲಿ ಹೇಳಲಿ, ಇನ್ನೊಂದು ಸಲ ಮಾಣಿಗೆ ಕೇಳಿಸುವಂತೆ ತಂದೆಗೆ ಹೇಳಲಿ, ಮತ್ತೊಂದು ಸಲ "ಚಟ್ನಿ" ಎಂಬ ಒಂದೇ ಮಾತನ್ನು ಮಾಣಿಗೇ ಹೇಳಲಿ. ಶಾಲೆಯ ಒಬ್ಬ ಗೆಳತಿಯನ್ನು ಮನೆಗೆ ಆಡಲು ಕರೆಯುವುದು ಎಲ್ಲಕ್ಕಿಂತ ಸುಲಭವಾದ ಉಪಾಯ.

ಮಠವೂ ಇಲ್ಲಿ ನೆರವಾಗಬಲ್ಲುದು. ದಾಸೋಹದ ಪಂಕ್ತಿಯಲ್ಲಿ ಮಗುವು ಮೊದಲು ಹಿರಿಯರೊಬ್ಬರ ಜೊತೆಯಲ್ಲಿ ಮಾತಿಲ್ಲದೆ ನೀರು ಬಡಿಸಲಿ. ಕೆಲವು ವಾರಗಳ ಮೇಲೆ "ಮಜ್ಜಿಗೆ?" ಎಂಬ ಒಂದು ಮಾತು ಬಂದೀತು. ವಚನಗಾಯನದ ಗುಂಪಿನಲ್ಲಿ ಅದರ ದನಿಯು ಇತರರ ದನಿಯ ಮರೆಯಲ್ಲಿರುವುದರಿಂದ ಅಂಜಿಕೆ ಕಡಿಮೆ. ಪ್ರಸಾದನಿಲಯಗಳ ಮೇಲ್ವಿಚಾರಕರು, ಮನೆಯನ್ನು ಬಿಟ್ಟುಬಂದ ಮಕ್ಕಳಲ್ಲಿ ಯಾರು ಮಾತನ್ನೇ ಬಿಟ್ಟಿರುವರೆಂದು ಮೊದಲ ತಿಂಗಳಿನಲ್ಲಿಯೇ ಗುರುತಿಸಿಕೊಳ್ಳಬೇಕೆಂದು ನನ್ನ ಬಿನ್ನಹ.

ಇಷ್ಟೆಲ್ಲ ಮಾಡಿಯೂ ಒಂದೆರಡು ತಿಂಗಳಲ್ಲಿ ದಾರಿ ಕಾಣದಿದ್ದರೆ, ದೊಡ್ಡದಾದ ಮೇಲೆ ತಾನಾಗಿ ಸರಿಹೋಗುವುದೆಂದು ಕಾಯಕೂಡದು. ಮೌನವು ಹಳತಾದಷ್ಟೂ ಬಿಡಿಸುವುದು ಕಷ್ಟ. 2013ರಿಂದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತಿವೆ, ಅವರಿಗೆ ಹೇಳಿರಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಬಾಪೂಜಿ ಮಕ್ಕಳ ಆಸ್ಪತ್ರೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯರ ವಿಭಾಗವೇ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಸಲಹೆ ಕೇಳಬಹುದು. ಮನೋವೈದ್ಯರಲ್ಲಿಗೆ ಹೋದರೆ ಜನ ಏನೆಂದಾರು ಎಂಬ ಅಂಜಿಕೆಯೂ ಒಂದು ಭಯವೇ. ನಮ್ಮ ಭಯವನ್ನು ನಾವು ಗೆಲ್ಲದೆ ಮಗುವಿಗೆ ಧೈರ್ಯ ಹೇಳುವುದು ಹೇಗೆ?

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆಂದು ಯಾರಾದರೂ ಕೇಳಬಹುದು. ಹಾಡಿನ ಸ್ಪರ್ಧೆಯಲ್ಲಿ ಬಹುಮಾನ ತರಲೆಂದು ನಾನು ಇದನ್ನು ಹೇಳುತ್ತಿಲ್ಲ. ಮಾತನಾಡಲಾರದ ಮಗುವು ಜ್ವರ ಬಂದರೆ ಹೇಳಲಾರದು. ಬಿದ್ದು ಕೈ ಮುರಿದರೆ ಹೇಳಲಾರದು. ವಾಹನದಲ್ಲಿ ದೊಡ್ಡ ಹುಡುಗರು ಕಾಡಿದರೆ, ಯಾರಾದರೂ ದುಷ್ಟರು ಮುಟ್ಟಬಾರದಂತೆ ಮುಟ್ಟಿದರೆ, ಆಗಲೂ ಹೇಳಲಾರದು. "ಒಳ್ಳೆಯ ಮಗು, ಗಲಾಟೆಯೇ ಇಲ್ಲ" ಎಂದು ನಾವು ಮೆಚ್ಚಿಕೊಂಡ ಆ ಮೌನದೊಳಗೆ ಅದು ಒಂಟಿಯಾಗಿ ನಿಂತಿರುವುದು. ತನಗೆ ನೋವಾಯಿತೆಂದು ಒಬ್ಬರಿಗಾದರೂ ಹೇಳಬಲ್ಲ ಶಕ್ತಿಯನ್ನು ಮಗುವಿಗೆ ಕೊಡುವುದು ಅಕ್ಷರಕ್ಕಿಂತಲೂ ಮೊದಲು ಕಲಿಸತಕ್ಕ ವಿದ್ಯೆ.

ಆದುದರಿಂದ ಈ ಮಹೋತ್ಸವವನ್ನು ಮುಗಿಸಿಕೊಂಡು ಊರಿಗೆ ಹಿಂದಿರುಗುವ ಉಪಾಧ್ಯಾಯರೆಲ್ಲರೂ ತಮ್ಮ ತರಗತಿಯ ಹಾಜರಿಪುಸ್ತಕವನ್ನು ತೆರೆದು, ಈ ವರ್ಷ ಯಾವ ಮಗುವಿನ ದನಿಯನ್ನು ತಾವು ಒಮ್ಮೆಯೂ ಕೇಳಿಲ್ಲವೆಂದು ನೋಡಿಕೊಳ್ಳಬೇಕೆಂದು ಕೈಮುಗಿದು ಬೇಡುವೆನು.