ಬಂದೂಕಿಗೆ ಲೈಸೆನ್ಸು, ಉರುಲಿಗೆ ಕೋಳ

(ಗೋಕಾಕದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಸ್ಕಾಲರ್‌ಶಿಪ್ ಬಂದಿಲ್ಲ, ಹಾಸ್ಟೆಲಿನ ಸಾರಿನ್ಯಾಗ ಬ್ಯಾಳಿ ಹುಡುಕಬೇಕು, ಇಂಥಾದ್ರಾಗ ಇವನೇನಪಾ ಹಕ್ಕಿ ಬೇಟೆಯ ಕಾಯಿದೆ ಅಂತ ಬಂದಾನ ಅಂತ. ನಗರಿ. ಆದರೆ ಒಂದು ಮಾತು ಕೇಳಿ ನಗರಿ. ಈ ಸಭೆಯಲ್ಲಿ ಬೇಡರ ಮನೆಯವರಿದ್ದೀರಿ, ಹರಣಶಿಕಾರಿ ಮನೆಯವರಿದ್ದೀರಿ, ಹೊಲಗೇರಿಯವರು, ಮಾದಿಗರ ಕೇರಿಯವರು ಇದ್ದೀರಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜೋಳದ ಹೊಲದ ಬದುವಿನಲ್ಲಿ ನಮ್ಮ ಅಜ್ಜಂದಿರು ಕೌಜುಗಕ್ಕೆ ಉರುಲು ಕಟ್ಟಿದರು, ಬುರ್ಲಿಗೆ ಬಲೆ ಹಾಸಿದರು. ಅದೇ ಹೊಲದಲ್ಲಿ ಅದೇ ಹಕ್ಕಿಯನ್ನು ಸಾಹೇಬರು ಬಂದೂಕಿನಿಂದ ಹೊಡೆದರು. ಹಕ್ಕಿ ಎರಡೂ ಕಡೆ ಸತ್ತಿತು. ಒಬ್ಬನಿಗೆ ‘ಶಿಕಾರಿ’ ಅಂತ ಮರ್ಯಾದೆ ಬಂತು, ಇನ್ನೊಬ್ಬನಿಗೆ ‘ಕಳ್ಳ’ ಅಂತ ಹೆಸರು ಬಂತು. ಇದು ಹ್ಯಾಂಗಾತು? ಕಾಯಿದೆಯ ಪುಸ್ತಕ ಬಿಚ್ಚಿ ನೋಡೋಣ.

ಮೊದಲು ಹಕ್ಕಿಯ ಮಾತು. ಬೇಟೆಗೆ ಋತು ಅಂತ ಯಾಕೆ ಇಟ್ಟರು? ಕೌಜುಗ ಬೇಸಿಗೆಯಿಂದ ಮಳೆಗಾಲದವರೆಗೆ ಮೊಟ್ಟೆ ಇಟ್ಟು ಮರಿ ಮಾಡುವುದೇ ಹೆಚ್ಚು. ಆಗ ತಾಯಿಹಕ್ಕಿ ಹಿಡಿದರೆ ಒಂದು ಗೂಡೇ ಹೋಗುತ್ತದೆ. ನಮ್ಮ ಧೂಪದಾಳದ ನೀರಿಗೆ ಬಾತುಗಳು, ಕ್ರೌಂಚ, ಬಿಳಿ ಕೊಕ್ಕರೆಗಳು ಚಳಿಗಾಲಕ್ಕೆ ದೂರದ ದೇಶದಿಂದ ಬರುತ್ತವೆ, ಬಿಸಿಲು ಏರಿದಾಗ ಹೋಗುತ್ತವೆ. ಆದ್ದರಿಂದ ಮರಿ ಮಾಡುವ ಕಾಲ ಮುಚ್ಚಿದ ಕಾಲ, ಚಳಿಗಾಲ ಬೇಟೆಯ ಕಾಲ. ಈ ಲೆಕ್ಕದಲ್ಲಿ ತಪ್ಪಿಲ್ಲ. ನಮ್ಮ ಅಜ್ಜ ಹಕ್ಕಿಯನ್ನು ಮಗುವಿನಂತೆ ಕಾಪಾಡಿದ ಅಂತ ಸುಳ್ಳು ಹೇಳಾಕ ನಾ ಬಂದಿಲ್ಲ. ಹಸಿದವ ಕಾವು ಕೂತ ಹಕ್ಕಿಯನ್ನೂ ಹಿಡಿದಾನ. ಹಸಿವಿಗೆ ಮುಚ್ಚಿದ ಕಾಲ ಅಂಬೋದಿಲ್ಲ.

ಆದರೆ ಈ ಕಾಯಿದೆ ಹುಟ್ಟಿದ್ದು ಹಕ್ಕಿಯ ಮೇಲಿನ ಕರುಣೆಯಿಂದ ಮಾತ್ರ ಅಲ್ಲ. ಇದರ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ ಬೇಟೆ ಅಂದರೆ ಜಮೀನ್ದಾರನ ಆಟ. 1828ರ ರಾತ್ರಿಬೇಟೆ ಕಾಯಿದೆಯ ಪ್ರಕಾರ ಬಡವನೊಬ್ಬ ಮೂರನೆಯ ಸಲ ಸಿಕ್ಕಿಬಿದ್ದರೆ ಏಳು ವರ್ಷ ಕಡಲಾಚೆಗೆ ಗಡೀಪಾರು. 1831ರ ಗೇಮ್ ಕಾಯಿದೆ ಲೈಸೆನ್ಸು ತಂದಿತು, ಯಾವ ಹಕ್ಕಿಗೆ ಯಾವ ತಿಂಗಳು ಅಂತ ಕಟ್ಟು ಹಾಕಿತು. ಅದೇ ಬುದ್ಧಿ ಹಡಗು ಹತ್ತಿ ಇಲ್ಲಿಗೆ ಬಂತು. 1887ರಲ್ಲಿ ಕಾಡುಹಕ್ಕಿಗಳ ಸಂರಕ್ಷಣಾ ಕಾಯಿದೆ, 1912ರಲ್ಲಿ ಕಾಡುಹಕ್ಕಿ ಮತ್ತು ಪ್ರಾಣಿಗಳ ಕಾಯಿದೆ. 1912ರ ಪಟ್ಟಿಯಲ್ಲಿ ಬಾತು, ಕೌಜುಗ, ಬುರ್ಲಿ, ಪಾರಿವಾಳ, ನವಿಲು ಎಲ್ಲಾ ಇದ್ದವು. ಬೆಳಗಾವಿ ಆಗ ದೊಡ್ಡ ದಂಡಿನ ಊರು. ದಂಡಿನ ಅಧಿಕಾರಿಗೆ ಹಕ್ಕಿ ಹೊಡೆಯುವುದು ರಜೆಯ ದಿನದ ಮೋಜು. ಮೋಜಿಗೆ ಹಕ್ಕಿ ಉಳಿಯಬೇಕು. ಹಕ್ಕಿ ಉಳಿಯಬೇಕಾದರೆ ಬೇರೆಯವರು ಹಿಡಿಯಬಾರದು.

ಬೇರೆಯವರು ಅಂದರೆ ಯಾರು? ಇಲ್ಲಿಂದ ಬಹಳ ದೂರ ಇಲ್ಲ ಹಲಗಲಿ, ಮುಧೋಳ ಸೀಮೆಯ ಹಳ್ಳಿ. 1857ರಲ್ಲಿ ಕಂಪನಿ ಸರಕಾರ ಹತಾರ ಒಪ್ಪಿಸಿರಿ ಅಂತ ಕಾಯಿದೆ ಮಾಡಿತು. ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಬೇಟೆ ಅವರ ಹೊಟ್ಟೆ, ಹತಾರ ಅವರ ಮಾನ. ಆ ವರ್ಷದ ನವೆಂಬರಿನಲ್ಲಿ ಫೌಜು ಬಂದು ಹಳ್ಳಿಯನ್ನೇ ಸುಟ್ಟಿತು. ಹಿಡಿದವರನ್ನು ಗಲ್ಲಿಗೆ ಹಾಕಿದರು. ಅವರ ಲಾವಣಿಯನ್ನು ನೀವು ಪಠ್ಯದಲ್ಲಿ ಓದಿರಬಹುದು. ಓದುವಾಗ ಅದನ್ನು ಬರೀ ಶೌರ್ಯದ ಕತೆ ಅಂತ ಓದಬ್ಯಾಡ್ರಿ. ಒಬ್ಬನ ಕೈಯಿಂದ ಹತಾರ ಕಿತ್ತು ಇನ್ನೊಬ್ಬನ ಕೈಯಲ್ಲಿ ಲೈಸೆನ್ಸಿನ ಬಂದೂಕು ಉಳಿಸಿದ ಕತೆ ಅದು.

1871ರಲ್ಲಿ ಇನ್ನೊಂದು ಬಂತು, ಅಪರಾಧಿ ಬುಡಕಟ್ಟುಗಳ ಕಾಯಿದೆ. ಮೊದಲು ಉತ್ತರದ ಕಡೆ, ಆಮೇಲೆ ನಮ್ಮ ಮುಂಬಯಿ ಪ್ರಾಂತಕ್ಕೂ. ಹುಟ್ಟಿದ ಮಗುವೇ ಅಪರಾಧಿ ಅಂದ ಕಾಯಿದೆ ಅದು. ಪೊಲೀಸರ ಮುಂದೆ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಪಾಸು ಬೇಕು. ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಸೆಟ್ಲಮೆಂಟು ಮಾಡಿ ಜನರನ್ನು ಕೂಡಿಹಾಕಿದರು. ಹರಣಶಿಕಾರಿ ಅಂದರೆ ಜಿಂಕೆ ಬೇಟೆಗಾರ. ಫಾಸೆಪಾರ್ಧಿ ಅಂದರೆ ಉರುಲು ಹಾಕುವ ಪಾರ್ಧಿ. ಕಸುಬೇ ಹೆಸರಾದ ಜನ. ಆ ಕಸುಬೇ ಗುನ್ಹೆ ಆದಾಗ ಹೆಸರೇ ಗುನ್ಹೆ ಆತು. 1952ರ ಆಗಸ್ಟ್ 31ಕ್ಕೆ ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಸಂಶಯ ರದ್ದಾಗಲಿಲ್ಲ. ಊರಲ್ಲಿ ಕೋಳಿ ಕಳುವಾದರೆ ಮೊದಲು ಯಾರ ಗುಡಿಸಲಿಗೆ ಹೋಗುತ್ತಾರೆ, ನಿಮಗೇ ಗೊತ್ತು.

ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೇಲೆ ಬರೆದ ಪುಸ್ತಕದ ಮುನ್ನುಡಿಯಲ್ಲಿ ಅಪರಾಧಿ ಬುಡಕಟ್ಟು, ಆದಿವಾಸಿ, ಅಸ್ಪೃಶ್ಯ ಈ ಮೂವರನ್ನೂ ಒಟ್ಟಿಗೆ ಹೆಸರಿಸಿದರು. ಹಾಸ್ಟೆಲಿನಲ್ಲಿ ಒಂದೇ ಸಾಲಿನಲ್ಲಿ ಉಣ್ಣಾಕ ಕೂಡುವ ನಾವು ಇದನ್ನು ಮರೀಬಾರದು.

ಈಗ ಸ್ವತಂತ್ರ ಭಾರತಕ್ಕೆ ಬರೋಣ. 1959ರ ಆಯುಧ ಕಾಯಿದೆಯ 13ನೆಯ ಕಲಮು ನೋಡ್ರಿ. ನಳಿಗೆ ಇಪ್ಪತ್ತು ಇಂಚಿಗೆ ಕಡಿಮೆ ಇಲ್ಲದ ಬಂದೂಕಿಗೆ ಲೈಸೆನ್ಸು ಕೇಳಲು ಅಲ್ಲಿ ಎರಡು ಕಾರಣ ಬರೆದಿದೆ: ಒಂದು ರಕ್ಷಣೆ, ಎರಡು ಕ್ರೀಡೆ. ಬೆಳೆ ಕಾಯಲು ಮದ್ದು ತುಂಬುವ ಬಂದೂಕು ಬೇರೆ. ಆಟ ಒಂದು ಕಾರಣ, ಬೆಳೆ ಒಂದು ಕಾರಣ. ಆ ಸಾಲಿನಲ್ಲಿ ಹಸಿವು ಅನ್ನುವ ಕಾರಣ ಇಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆಗ ಬೇಟೆ ಪೂರಾ ಬಂದ್ ಆಗಲಿಲ್ಲ. ಒಂದನೆಯ ಪಟ್ಟಿಯ ಪ್ರಾಣಿಯನ್ನು ಮುಟ್ಟುವಂತಿಲ್ಲ. ಉಳಿದವಕ್ಕೆ ಲೈಸೆನ್ಸು: ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ. ಹಕ್ಕಿ ಬೇಟೆ ಅಂದರೆ ಬಹುತೇಕ ಸಣ್ಣ ಬೇಟೆ. ಲೈಸೆನ್ಸು ಪಡೆದವ ಹೊಡೆದದ್ದರ ಲೆಕ್ಕ ಬರೆದಿಡಬೇಕು, ಮುಚ್ಚಿದ ಕಾಲದಲ್ಲಿ ಹೊಡೆಯಬಾರದು.

ಹಳೆಯ 17ನೆಯ ಕಲಮಿನಲ್ಲಿ ನಿಷೇಧಗಳ ಪಟ್ಟಿ ಇತ್ತು. ಮೋಟಾರಿನಿಂದ ಹೊಡೆಯಬಾರದು, ರಾತ್ರಿ ಹೊಡೆಯಬಾರದು, ಹುಲ್ಲಿಗೆ ಬೆಂಕಿ ಹಚ್ಚಬಾರದು. ಎಲ್ಲಾ ಸರಿ. ಅದೇ ಪಟ್ಟಿಯಲ್ಲಿ ಬಲೆ, ಉರುಲು, ಬೋನು, ತೋಡಿದ ಗುಂಡಿ ಇವನ್ನು ವಿಷ ಮತ್ತು ಸಿಡಿಮದ್ದಿನ ಜೋಡಿ ಒಂದೇ ಸಾಲಿನಲ್ಲಿ ಕೂಡಿಸಿದರು. ನಾಯಿ ಬಿಟ್ಟು ಬೇಟೆಯಾಡಬಾರದು ಅಂದರು, ಆದರೆ ನೀರುಹಕ್ಕಿ, ಚಕೋರ, ಕೌಜುಗ, ಬುರ್ಲಿಗೆ ನಾಯಿ ನಡೆಯುತ್ತದೆ ಅಂದರು. ಯಾಕೆ? ಗುಂಡು ತಿಂದು ಪೊದೆಯಲ್ಲಿ, ನೀರಲ್ಲಿ ಬಿದ್ದ ಹಕ್ಕಿಯನ್ನು ಕಚ್ಚಿ ತರಾಕ ಸಾಹೇಬನಿಗೆ ನಾಯಿ ಬೇಕಲ್ಲ! ಸಾಹೇಬನ ನಾಯಿಗೆ ಸಿಕ್ಕ ರಿಯಾಯಿತಿ ನಮ್ಮ ಅಜ್ಜನ ಬಲೆಗೆ ಸಿಗಲಿಲ್ಲ.

ಬಲೆಯವರಿಗೆ ‘ಹಿಡಿಯುವ ಲೈಸೆನ್ಸು’ ಅಂತ ಬೇರೆ ಒಂದು ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಅರ್ಜಿ ಬರೆಯಬೇಕು, ಫೀ ತುಂಬಬೇಕು, ಸಿಕ್ಕ ಹಕ್ಕಿಯ ದಾಖಲೆ ಇಡಬೇಕು. ಅಕ್ಷರ ಕೊಡದ ಜನರಿಂದ ರಜಿಸ್ಟರು ಕೇಳಿದರು.

1974ರಲ್ಲಿ ನಮ್ಮ ಘಟಪ್ರಭೆಯ ಮೇಲಿನ ಧೂಪದಾಳ ಹಿನ್ನೀರು ಪಕ್ಷಿಧಾಮ ಆತು, 29.78 ಚದರ ಕಿಲೋಮೀಟರು. 1991ರಲ್ಲಿ ಕಾಯಿದೆಗೆ ದೊಡ್ಡ ತಿದ್ದುಪಡಿ ಬಂತು. ಲೈಸೆನ್ಸಿನ ಕಲಮುಗಳನ್ನು ಕಿತ್ತುಹಾಕಿದರು. ಅಲ್ಲಿಗೆ ಋತುವಿನ ಬೇಟೆ, ಮುಚ್ಚಿದ ಕಾಲ, ತೆರೆದ ಕಾಲ ಎಲ್ಲಾ ಮುಗಿದವು. ವರ್ಷದ ಹನ್ನೆರಡೂ ತಿಂಗಳು ಬೇಟೆ ಬಂದ್. ನಾನು ಇದನ್ನು ಸ್ವಾಗತಿಸುತ್ತೇನೆ. ಹಕ್ಕಿ ಬದುಕಬೇಕು. ಆದರೆ ಒಂದು ಲೆಕ್ಕ ಕೇಳುತ್ತೇನೆ. ಆ ದಿನ ಬಂದೂಕಿನವ ಕಳಕೊಂಡದ್ದು ಒಂದು ಮೋಜು. ಅವ ಬಂದೂಕು ಗ್ವಾಡಿಗೆ ತೂಗುಹಾಕಿ ಕಬ್ಬಿನ ಬಿಲ್ಲು ಎಣಿಸಾಕ ಕುಂತ. ಉರುಲಿನವ ಕಳಕೊಂಡದ್ದು ಅನ್ನ. ಅವನಿಗೆ ಬದಲಿಗೆ ಏನು ಕೊಟ್ಟಿರಿ? ಭೂಮಿ ಕೊಟ್ಟಿರಾ? ಕೆಲಸ ಕೊಟ್ಟಿರಾ? ವಿಮುಕ್ತ, ಅಲೆಮಾರಿ ಬುಡಕಟ್ಟುಗಳ ಬಗ್ಗೆ ರೇಣಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು. ಇವತ್ತಿಗೂ ಮನೆಗೆ ಜಾಗ ಇಲ್ಲದ, ಜಾತಿ ಸರ್ಟಿಫಿಕೇಟಿಗೆ ಅಲೆಯುವ ಕುಟುಂಬಗಳು ನಮ್ಮ ಕಣ್ಣ ಮುಂದೆ ಅದಾವ.

ವಿನಾಯಿತಿ ಎಲ್ಲೂ ಇಲ್ಲ ಅಂತಲ್ಲ. ಇದೇ ಕಾಯಿದೆಯ 65ನೆಯ ಕಲಮು ನಿಕೋಬಾರ್ ದ್ವೀಪದ ಬುಡಕಟ್ಟಿನವರ ಬೇಟೆಯ ಹಕ್ಕನ್ನು ಮುಟ್ಟಿಲ್ಲ. 2006ರ ಅರಣ್ಯಹಕ್ಕು ಕಾಯಿದೆ ಕಾಡಿನ ಜನರಿಗೆ ಭೂಮಿ, ಜೇನು, ಸೊಪ್ಪು, ಮೀನಿನ ಹಕ್ಕು ಕೊಟ್ಟಿತು, ಬೇಟೆಯ ಹಕ್ಕನ್ನು ಮಾತ್ರ ಹೊರಗಿಟ್ಟಿತು. ನಾವು ಉರುಲು ವಾಪಸ್ ಕೊಡಿರಿ ಅಂತ ಕೇಳುತ್ತಿಲ್ಲ. ಅನ್ನ ಕೊಡಿರಿ ಅಂತ ಕೇಳುತ್ತಿದ್ದೇವೆ.

ನಾ ಕಣ್ಣಾರೆ ಕಂಡದ್ದು ಒಂದು ಹೇಳ್ತೀನಿ, ಊರಿನ ಹೆಸರು ಬ್ಯಾಡ. ಸಂತಿಯಲ್ಲಿ ಒಬ್ಬ ಮುದುಕಿ ಬುಟ್ಟಿಯಲ್ಲಿ ನಾಲ್ಕು ಬುರ್ಲಿ ಮುಚ್ಚಿಕೊಂಡು ಕುಂತಿದ್ದಳು. ಅಧಿಕಾರದವರು ಅಂತ ಇಬ್ಬರು ಬಂದರು. ಜೇಲಿಗೆ ಹಾಕ್ತೀವಿ ಅಂದರು. ಮುದುಕಿ ಸೊಂಟದ ಚೀಲ ಬಿಚ್ಚಿ ಇದ್ದಷ್ಟು ರೊಕ್ಕ ಕೊಟ್ಟಳು. ಪಾವತಿ ಇಲ್ಲ, ಪಂಚನಾಮೆ ಇಲ್ಲ. ರೊಕ್ಕದ ಜೋಡಿ ಬುಟ್ಟಿಯನ್ನೂ ಒಯ್ದರು. ಕೇಸೂ ಆಗಲಿಲ್ಲ, ಬುರ್ಲಿಗೂ ಬಿಡುಗಡೆ ಆಗಲಿಲ್ಲ. ಕಾಯಿದೆ ಗೊತ್ತಿಲ್ಲದವರ ಮೇಲೆ ಕಾಯಿದೆ ಹೀಂಗ ಬೀಳ್ತದ.

ಇನ್ನು ಹಕ್ಕಿಯನ್ನು ನಿಜವಾಗಿ ಕೊಲ್ಲುತ್ತಿರುವವರು ಯಾರು? ಬೇಟೆ ಬಂದ್ ಆಗಿ ಮೂವತ್ತು ವರ್ಷ ದಾಟಿತು. ಕೌಜುಗ, ಬುರ್ಲಿಗೆ ಬೇಕಾದದ್ದು ಬೀಳು ಭೂಮಿ, ಹುಲ್ಲುಗಾವಲು, ಮುಳ್ಳುಕಂಟಿ, ಜೋಳದ ಹೊಲದ ಬದು. ಹಿಡಕಲ್ ಅಣೆಕಟ್ಟಿನ ನೀರು ಬಂತು, ಕಾಲುವೆ ಬಂತು, ಕಬ್ಬು ಬಂತು. ಬದುಗಳನ್ನು ಹರಗಿದರು, ಹೊಲಕ್ಕೆಲ್ಲಾ ಎಣ್ಣಿ ಹೊಡೆದರು. ಗಾಯರಾಣಕ್ಕೆ ಬೇಲಿ ಬಿತ್ತು. 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಬಯಲು, ಹುಲ್ಲುಗಾವಲಿನ ಹಕ್ಕಿಗಳು ಬಹಳ ಇಳಿದಿವೆ ಅನ್ನುತ್ತದೆ. ಉರುಲಿನವನನ್ನು ಹಿಡಿಯಲು ಕಲಮು ಅದಾವ. ಬದು ನುಂಗಿದವನನ್ನು, ಗಾಯರಾಣ ನುಂಗಿದವನನ್ನು ಹಿಡಿಯಾಕ ಯಾರ ಕೈಯೂ ಮುಂದೆ ಬರೋದಿಲ್ಲ. ಆ ಗಾಯರಾಣ ಹಕ್ಕಿಗೂ ಬೇಕಿತ್ತು, ನಮ್ಮ ಆಡಿಗೂ ಬೇಕಿತ್ತು.

ಹಾಗಾದರೆ ನಾವೇನು ಮಾಡಬೇಕು?

ಒಂದು. ಈಗಿನ ಕಾಯಿದೆ ತಿಳಕೊಳ್ರಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೇಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ನವಿಲು ಮೊದಲನೆಯ ಪಟ್ಟಿಯದು, ಅದನ್ನು ಹೊಡೆದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಹೋಗಬಹುದು. ಹಿಡಿದರೂ ಬೇಟೆ, ಹಿಡಿಯಾಕ ಹೋದರೂ ಬೇಟೆ, ಗೂಡು ಕೆದರಿ ಮೊಟ್ಟೆ ಒಡೆದರೂ ಬೇಟೆ. ಏರ್‌ಗನ್ ಹಿಡಿದು ಫೋಟೊ ತೆಗೆಸಿಕೊಳ್ಳುವ ಹುಡುಗರಿಗೆ ಇದನ್ನು ಒತ್ತಿ ಹೇಳ್ತೀನಿ. ದೊಡ್ಡವರ ಮಗ ಬಿಡಿಸಿಕೊಂಡು ಹೋಗ್ತಾನ, ನೀ ಒಳಗ ಉಳೀತಿ.

ಎರಡು. ಮನೆಯವರನ್ನು ಹಿಡಿದರೆ ಗಾಬರಿ ಬೀಳಬ್ಯಾಡ್ರಿ. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇದು ಸಂವಿಧಾನದ 22ನೆಯ ವಿಧಿ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು. ರಾಜಿ ದಂಡ ಕಟ್ಟಿದರೆ ರಸೀದಿ ಕೇಳ್ರಿ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ವಕೀಲರು ಪುಕ್ಕಟೆ. ಆದಾಯ ಎಷ್ಟು ಅಂತ ಕೇಳುವಂತಿಲ್ಲ. ತಾಲೂಕಿನ ಕೋರ್ಟಿನಲ್ಲೇ ಸಮಿತಿ ಇರುತ್ತದೆ, ಫೋನ್ 15100. ಈ ನಂಬರನ್ನು ಹಾಸ್ಟೆಲಿನ ಗ್ವಾಡಿಗೆ ಬರೀರಿ, ರಜೆಗೆ ಹೋದಾಗ ಕೇರಿಯ ಗ್ವಾಡಿಗೂ ಬರೀರಿ.

ಮೂರು. ಧೂಪದಾಳದ ಪಕ್ಷಿಧಾಮದಲ್ಲಿ ಕಾವಲುಗಾರ, ಗೈಡು, ಹಕ್ಕಿ ಎಣಿಸುವ ಕೆಲಸ ಮೊದಲು ಬೇಟೆಗಾರ ಸಮುದಾಯದ ಹುಡುಗ ಹುಡುಗಿಯರಿಗೆ ಸಿಗಬೇಕು ಅಂತ ಅರ್ಜಿ ಹಾಕೋಣ. ಮಧ್ಯಪ್ರದೇಶದ ಪನ್ನಾದಲ್ಲಿ ಪಾರ್ಧಿ ಯುವಕರು ಪ್ರವಾಸಿಗರಿಗೆ ಕಾಡು ತೋರಿಸುವ ಕೆಲಸ ಮಾಡಿದ್ದಾರೆ. ಕೌಜುಗದ ಕೂಗು ಕೇಳಿ ಗಂಡೋ ಹೆಣ್ಣೋ, ಎಷ್ಟು ದೂರ, ಯಾವ ಕಂಟಿ ಅಂತ ಹೇಳಬಲ್ಲ ಮುದುಕರು ನಮ್ಮಲ್ಲಿದ್ದಾರೆ. ಡಿಗ್ರಿ ಇಲ್ಲದ ಈ ವಿದ್ಯೆಯನ್ನು ಇಷ್ಟು ದಿನ ಗುನ್ಹೆ ಅಂದರು. ಅದನ್ನು ನೌಕರಿಯ ಅರ್ಹತೆ ಅಂತ ಬರೆಸಬೇಕು.

ನಾಲ್ಕು. ಊರ ಗಾಯರಾಣದ ಸರ್ವೆ ನಂಬರು ತೆಗೆದುಕೊಳ್ರಿ. ಉತಾರ ತೆಗೆಸಿರಿ. ಅಲ್ಲಿ ಈಗ ಯಾರಿದ್ದಾರೆ ನೋಡಿರಿ. ಅದನ್ನು ಬಿಡಿಸಿದರೆ ಹಕ್ಕಿಗೂ ಜಾಗ, ಗುಡಿಸಲಿಗೂ ಜಾಗ.

ಗೆಳೆಯರೆ, ಲೈಸೆನ್ಸಿನ ಕಾಲ ಹೋಯಿತು, ಒಳ್ಳೆಯದಾಯಿತು. ಆದರೆ ಬಂದೂಕಿನವನನ್ನು ಒಂದು ಕಣ್ಣಿಂದ, ಉರುಲಿನವನನ್ನು ಇನ್ನೊಂದು ಕಣ್ಣಿಂದ ನೋಡುವ ಚಾಳಿ ಹೋಗಿಲ್ಲ. ಅದನ್ನು ಬಿಡಿಸುವುದು ಓದಿದವರ ಕೆಲಸ. ಮುಂದಿನ ಐತವಾರ ಸಂತಿ ಮುಗಿದ ಮೇಲೆ ಅರ್ಜಿ ಬರೆಯಾಕ ಕೂಡೋಣ. ಪೆನ್ನು, ಜಾತಿ ಸರ್ಟಿಫಿಕೇಟು, ನಿಮ್ಮೂರ ಗಾಯರಾಣದ ನಂಬರು ತಗೊಂಡು ಬರ್ರಿ. ಅಜ್ಜ ಅಜ್ಜಿಯರನ್ನೂ ಕರಕೊಂಡು ಬರ್ರಿ, ಹಕ್ಕಿಯ ಮಾತು ಅವರಿಗೇ ಹೆಚ್ಚು ಗೊತ್ತು.

ಜೈ ಭೀಮ್.