ಮೊಬೈಲ್‌ನಲ್ಲೂ ಕನ್ನಡ ಅಕ್ಷರ ಇರಲಿ
(ಗೆಟ್ಟವಾಡಿಯಲ್ಲಿ ಆಡಿದ ಮಾತು)



2006ರ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ತಮಿಳು ಕಡ್ಡಾಯ. ಕಲಿಯಲಿ, ಬೇಡ ಅನ್ನಲ್ಲ. ಆದರೆ ಕನ್ನಡ ಅಕ್ಷರದ ಗತಿ ಏನು? ಮನೇಲಿ ಮಾತು ಕನ್ನಡ; ವಾಟ್ಸಾಪಿನಲ್ಲಿ 'ಊಟ ಆಯ್ತಾ' ಅಂತ ಬರೆಯೋದು ಇಂಗ್ಲಿಷ್ ಅಕ್ಷರದಲ್ಲಿ. ಇಲ್ಲದಿದ್ದರೆ ವಾಯ್ಸ್ ಮೆಸೇಜು. ಮಾತು ಉಳಿದರೂ ಓದು ಬರಹ ಕೈತಪ್ಪುತ್ತೆ.

ಅದೇ ಮೊಬೈಲಲ್ಲಿ ದಾರಿಯೂ ಇದೆ. ಕೀಬೋರ್ಡಿಗೆ ಕನ್ನಡ ಸೇರಿಸೋಕೆ ಕಾಸು ಬೇಡ. ಕರ್ನಾಟಕದ ಪಠ್ಯಪುಸ್ತಕಗಳು ಜಾಲತಾಣದಲ್ಲಿ ಪುಕ್ಕಟೆ ಸಿಗ್ತವೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ನಮ್ಮ ಗಾಜನೂರಿನ ರಾಜ್‌ಕುಮಾರ್ ಬಗ್ಗೆ ಮಕ್ಕಳು ಅಲ್ಲೇ ಓದಲಿ.

ಇವತ್ತು ರಾತ್ರಿಯೇ ಚಾಮರಾಜನಗರದ ನೆಂಟರಿಗೆ ಮಕ್ಕಳ ಕೈಲಿ ಒಂದು ಸಾಲು ಕನ್ನಡದಲ್ಲೇ ಬರೆಸಿ. ನಾಳೆ ಎರಡು ಸಾಲಾಗಲಿ.